ಬೈಯಲಿಲ್ಲ ಅಂದರೆ ಚೆನ್ನಾಗಿ ನೋಡಿದರು ಅಂತಲಾ?

ನಮಸ್ಕಾರ. ನನ್ನ ನಾದಿನಿ ಬಾಣಂತನಕ್ಕೆ ತವರಿಗೆ ಬಂದಿದ್ದಾಗ ಅವಳ ಜೊತೆ ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದೆ. ಆಗ ಅವಳಿಗೆ ಏಳು ತಿಂಗಳು. ಅವತ್ತು 9ನೇ ತಾರೀಖು. 2016ರಿಂದ ಪ್ರತಿ ತಿಂಗಳು 9ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ಡಾಕ್ಟರೇ ಉಚಿತವಾಗಿ ನೋಡುತ್ತಾರಲ್ವಾ, ಅದಕ್ಕೆ.

ಬೆಳಿಗ್ಗೆಯೇ ಬೆಂಚು ತುಂಬಿತ್ತು. ಜಾಗ ಸಿಗದವರು ಸೊಂಟಕ್ಕೆ ಕೈ ಕೊಟ್ಟುಕೊಂಡು ಗೋಡೆಗೆ ಒರಗಿದ್ದರು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ ತಾಯಿ ಕಾರ್ಡ್. ಮೂತ್ರ ಪರೀಕ್ಷೆಗೆ ಡಬ್ಬಿ ಕೊಟ್ಟರು, ಶೌಚಾಲಯಕ್ಕೆ ಚಿಲಕ ಇರಲಿಲ್ಲ. ನಾನು ಹೊರಗಿನಿಂದ ಬಾಗಿಲು ಹಿಡಿದು ನಿಂತೆ. ಹಿಂದೆ ಒಬ್ಬಳೇ ಬಂದಿದ್ದ ಹುಡುಗಿ, "ಅಕ್ಕಾ, ನನಗೂ ಸ್ವಲ್ಪ ಹಿಡ್ಕೋತೀರಾ?" ಅಂದಳು. ಅವಳ ಕಾರ್ಡಿನ ಮೇಲೆ ಕೆಂಪು ಸ್ಟಿಕ್ಕರ್ ಇತ್ತು. ಹೆರಿಗೆಯಲ್ಲಿ ಅಪಾಯ ಇರಬಹುದು ಅನ್ನಿಸಿದವರಿಗೆ ಅದನ್ನು ಅಂಟಿಸುತ್ತಾರೆ. ಯಾಕೆ ಅಂಟಿಸಿದ್ದಾರೆ ಅಂತ ಕೇಳಿದೆ. ಗೊತ್ತಿಲ್ಲ ಅಂದಳು.

ನಮ್ಮ ಸರದಿ ಬಂದಾಗ ಮಧ್ಯಾಹ್ನ. ತೂಕ, ಬಿಪಿ, ಹೊಟ್ಟೆ ಮುಟ್ಟಿ ನೋಡಿದ್ದು. "ರಕ್ತ ಕಮ್ಮಿ ಇದೆ, ಮಾತ್ರೆ ಬಿಡಬೇಡ." ಅಷ್ಟೇ. ಹೊರಗೆ ಬಂದ ಮೇಲೆ ಆಶಾ ಕಾರ್ಯಕರ್ತೆ ಹೇಗಿತ್ತು ಅಂತ ಕೇಳಿದರು. ನಾದಿನಿ ನಗುತ್ತಾ ಹೇಳಿದಳು: "ಚೆನ್ನಾಗಿ ನೋಡಿದ್ರು ಅಕ್ಕಾ, ಬೈಯಲಿಲ್ಲ."

ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಬೈಯದಿದ್ದರೆ ಸಾಕು ಅನ್ನೋ ಮಟ್ಟಕ್ಕೆ ನಮ್ಮ ಹೆಣ್ಣುಮಕ್ಕಳ ನಿರೀಕ್ಷೆ ಇಳಿದಿದೆ. ಹೀಗಿರುವಾಗ ಯಾರೋ ಬಂದು ಸೇವೆ ತೃಪ್ತಿಯಾಯಿತಾ ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ. ಆ ಹೂಂ ನಂಬಬೇಡಿ.

ಯಾಕಂದ್ರೆ ಆ ಮಾತ್ರೆಗಳು ಅವಳ ಟ್ರಂಕಿನಲ್ಲಿ ಪಟ್ಟಿ ಪಟ್ಟಿಯಾಗಿ ಹಾಗೇ ಇದ್ದವು. ಕಬ್ಬಿಣದ ಮಾತ್ರೆ ತಿಂದರೆ ಮಲ ಕಪ್ಪಾಗುತ್ತೆ ಅಂತ ಯಾರೂ ಹೇಳಿರಲಿಲ್ಲ. ಮಗುವಿಗೆ ಏನೋ ಆಯಿತು ಅಂತ ಹೆದರಿ ನಿಲ್ಲಿಸಿಬಿಟ್ಟಿದ್ದಳು. ಕಾಫಿ, ಟೀ ಜೊತೆ ತಗೋಬಾರದು, ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ತಗೋಬೇಕು, ನಿಂಬೆ ಪಾನಕ ಕುಡಿದರೆ ಒಳ್ಳೆಯದು. ಇಷ್ಟು ಹೇಳೋಕೆ ಒಂದು ನಿಮಿಷ ಸಾಕು. ಬಸುರಿಯರಲ್ಲಿ ಹಿಮೋಗ್ಲೋಬಿನ್ 11 ಇರಬೇಕು. ಇವಳದು ಎಂಟೂವರೆ. ಆ ಒಂದು ನಿಮಿಷದ ಬೆಲೆ ಎಷ್ಟು, ಹೇಳಿ.

ಡಾಕ್ಟರ್ ಒಬ್ಬರೇ, ಹೊರಗೆ ಅಷ್ಟು ಜನ. ಆ ಕಷ್ಟ ನಾನೇ ನೋಡಿದ್ದೇನೆ, ಅವರ ಮೇಲೆ ಸಿಟ್ಟಿಲ್ಲ. ಆದರೆ ಕಾಯುವ ಆ ಮೂರು ಗಂಟೆಯಲ್ಲಿ ಒಬ್ಬ ಸಿಸ್ಟರ್ ಬೆಂಚಿನ ಹತ್ತಿರ ಬಂದು ಇದನ್ನೆಲ್ಲ ಹೇಳಬಹುದಲ್ವಾ? ನಾಲ್ಕು ಸಲದ ತಪಾಸಣೆ ಸಾಲದು, ಕನಿಷ್ಠ ಎಂಟು ಸಲ ಆಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಸರಿ. ಆದರೆ ಮನೆಯಿಂದ ತಂದ ಅನುಮಾನ ಹಾಗೇ ಮನೆಗೆ ವಾಪಸ್ ಹೋದರೆ ಎಂಟು ಸಲ ಬಂದು ಏನು ಬಂತು? ಬಸುರಿಯರನ್ನು ತೃಪ್ತಿಯಾಯಿತಾ ಅಂತ ಕೇಳುವ ಬದಲು, "ನೀವು ಏನು ಕೇಳಬೇಕು ಅಂತ ಬಂದಿದ್ರಿ? ಉತ್ತರ ಸಿಕ್ಕಿತಾ?" ಅಂತ ಕೇಳಿ ನೋಡಿ.

ಮುಂದಿನ 9ಕ್ಕೆ ನಾದಿನಿ ಮೂರು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋದಳು. ಒಬ್ಬರು ಸಿಸ್ಟರ್ ನಿಂತಲ್ಲೇ ಎರಡಕ್ಕೆ ಉತ್ತರ ಹೇಳಿದರಂತೆ. ಚಪ್ಪಲಿ ಬಿಡುವ ಮೊದಲೇ ಅಂಗಳದಿಂದ ಕೂಗಿದಳು: "ಅತ್ತಿಗೆ, ಇವತ್ತು ನನ್ನ ಮಾತು ಕೇಳಿಸಿಕೊಂಡ್ರು!"