ಒಂದೇ ತಂತಿಯ ಮೇಲೆ ಎಂಟು ಸ್ವರ

ಈಗ ನೀವು ಗಿಟಾರ್‌ನಲ್ಲಿ ಕೇಳಿದ್ದು ಸಿ ಮೇಜರ್ ಸ್ಕೇಲ್. ಎಂಟು ಸ್ವರಗಳು, ಒಂದರ ಹಿಂದೆ ಒಂದು. ನಾಲ್ಕನೆಯ ಸ್ವರ ಸ್ವಲ್ಪ ಗರಗರ ಎಂದದ್ದು ನಿಮ್ಮ ಕಿವಿಗೂ ಬಿದ್ದಿರಬೇಕು. ಆ ತುಣುಕನ್ನು ಕತ್ತರಿಸದೆ ಬೇಕೆಂದೇ ಉಳಿಸಿಕೊಂಡಿದ್ದೇನೆ. ಅದರ ಮಾತು ಆಮೇಲೆ ಬರುತ್ತದೆ.

ಗಿಟಾರ್ ಹಿಡಿದು ಮೂರು ತಿಂಗಳಾಯಿತು. ಮೊದಲ ತಿಂಗಳು ಪೂರ್ತಿ ಚಿತ್ರ ನೋಡಿಯೇ ಸ್ಕೇಲ್ ಕಲಿತೆ. ಆರು ಗೆರೆ, ಅವುಗಳ ಮೇಲೆ ಕಪ್ಪು ಚುಕ್ಕೆಗಳು, ಚುಕ್ಕೆ ಇರುವಲ್ಲಿ ಬೆರಳು. ಕೈ ಬೇಗ ಪಳಗಿತು. ಆದರೆ ನಡುವಿನ ಯಾವುದಾದರೂ ಸ್ವರದಿಂದ ಶುರು ಮಾಡಲು ಹೋದರೆ ಮುಂದಿನ ದಾರಿ ಕಾಣುತ್ತಿರಲಿಲ್ಲ. ಮುಂದಿನ ಸ್ವರ ಯಾವುದೆಂದು ಬೆರಳಿಗೆ ಗೊತ್ತಿತ್ತು, ಕಿವಿಗೆ ಗೊತ್ತಿರಲಿಲ್ಲ. ಅದು ನನ್ನನ್ನು ತುಂಬಾ ಕಾಡಿತು. ಹಾಗಾಗಿ ಒಂದು ದಿನ ಚಿತ್ರಗಳನ್ನೆಲ್ಲ ಪಕ್ಕಕ್ಕಿಟ್ಟು ಒಂದೇ ಒಂದು ತಂತಿಯ ಜೊತೆ ಕುಳಿತೆ.

ತೆರೆಯ ಮೇಲೆ ಕಾಣುತ್ತಿರುವುದು ಎರಡನೆಯ ತಂತಿ, ಅಂದರೆ ಕೆಳಗಿನಿಂದ ಎರಡನೆಯದು. ಬೆರಳಿಡದೆ ಮೀಟಿದರೆ ಇದು ಬಿ. ಗಿಟಾರ್‌ನ ಕತ್ತಿನ ಮೇಲೆ ಅಡ್ಡಲಾಗಿರುವ ಲೋಹದ ಪಟ್ಟಿಗಳು ಮಾಡುವ ಒಂದೊಂದು ಮನೆಯೂ ಒಂದು ಫ್ರೆಟ್. ಮೊದಲ ಫ್ರೆಟ್ ಒತ್ತಿದರೆ ಸಿ. ಇದನ್ನು ಷಡ್ಜವೆಂದು ಇಟ್ಟುಕೊಂಡೆ. ಅಲ್ಲಿಂದ ಮೂರನೆಯ ಫ್ರೆಟ್, ಐದು, ಆರು, ಎಂಟು, ಹತ್ತು, ಹನ್ನೆರಡು, ಕೊನೆಗೆ ಹದಿಮೂರರಲ್ಲಿ ಮೇಲಿನ ಸಿ. ಒಂದು ಫ್ರೆಟ್ ಎಂದರೆ ಅರ್ಧ ಹೆಜ್ಜೆ, ಎರಡು ಫ್ರೆಟ್ ಎಂದರೆ ಪೂರ್ತಿ ಹೆಜ್ಜೆ. ಎರಡು, ಎರಡು, ಒಂದು. ಮತ್ತೆ ಎರಡು, ಎರಡು, ಎರಡು, ಒಂದು. ಯಾವ ಸ್ವರದಿಂದ ಹೊರಟರೂ ಈ ಅಂತರಗಳನ್ನು ಕಾಪಾಡಿಕೊಂಡರೆ ಅದು ಆ ಸ್ವರದ ಮೇಜರ್ ಸ್ಕೇಲ್.

ಇಲ್ಲಿ ಸ್ವಲ್ಪ ನಿಲ್ಲೋಣ. ಐದನೆಯ ಫ್ರೆಟ್‌ನಲ್ಲಿ ಇ ಇದೆ. ಎರಡೆರಡು ಫ್ರೆಟ್ ದಾಟಿ ಬಂದ ಕೈ ಅದೇ ರೂಢಿಯಲ್ಲಿ ಏಳಕ್ಕೆ ಹೋಗುತ್ತದೆ. ಹೋಗಲಿ, ಕೇಳಿ. ಕೇಳಲು ಕೆಟ್ಟದಾಗೇನೂ ಇಲ್ಲ, ಆದರೆ ಬೇರೆಯದೇ ಲೋಕ. ಶುದ್ಧ ಮಧ್ಯಮದ ಜಾಗದಲ್ಲಿ ಅದಕ್ಕಿಂತ ಅರ್ಧ ಹೆಜ್ಜೆ ಮೇಲಿನ ಪ್ರತಿ ಮಧ್ಯಮ ಬಂದಿದೆ. ಶಂಕರಾಭರಣ ರಾಗದ ಸ್ವರಗಳಾಗಬೇಕಿದ್ದವು ಕಲ್ಯಾಣಿ ರಾಗದ ಸ್ವರಗಳಾಗಿವೆ. ಈಗ ಬೆರಳನ್ನು ಒಂದೇ ಒಂದು ಫ್ರೆಟ್ ಹಿಂದಕ್ಕೆ, ಆರಕ್ಕೆ ತರುತ್ತೇನೆ. ಇ, ಎಫ್. ಎಷ್ಟು ಹತ್ತಿರ ಕುಳಿತಿವೆ ನೋಡಿ. ಈ ಎರಡನ್ನೇ ಅರ್ಧ ಗಂಟೆ ನುಡಿಸಿದೆ. ಬಾಯಲ್ಲಿ ಹಾಡಿಕೊಂಡು, ಹಾಡಿದ್ದನ್ನು ತಂತಿಯಲ್ಲಿ ಹುಡುಕಿದೆ. ಮರುದಿನ ಕೈಗಿಂತ ಮೊದಲು ಕಿವಿಯೇ ಆರನೆಯ ಫ್ರೆಟ್ ಕೇಳಿತು. ಆ ಸಂತೋಷ ಇನ್ನೂ ಹಸಿಯಾಗಿದೆ.

ಮೇಲೆ ಹೋದಂತೆ ಫ್ರೆಟ್‌ಗಳು ಒತ್ತೊತ್ತಾಗುವುದನ್ನು ಗಮನಿಸಿರಬಹುದು. ಪ್ರತಿ ಫ್ರೆಟ್ ದಾಟಿದಾಗಲೂ ತಂತಿ ಸೆಕೆಂಡಿಗೆ ಕಂಪಿಸುವ ಸಂಖ್ಯೆ, ಅಂದರೆ ಹರ್ಟ್ಸ್, ಸುಮಾರು ಶೇಕಡಾ 6ರಷ್ಟು ಹೆಚ್ಚುತ್ತದೆ. ಹಾಗೆ ಹನ್ನೆರಡು ಸಲ ಹೆಚ್ಚಿದರೆ ಎರಡರಷ್ಟಾಗುತ್ತದೆ. ಐದನೆಯ ತಂತಿಯನ್ನು ಹಾಗೆಯೇ ಮೀಟಿದರೆ 110 ಹರ್ಟ್ಸ್, ಹನ್ನೆರಡನೆಯ ಫ್ರೆಟ್‌ನಲ್ಲಿ 220. ಅಳತೆಪಟ್ಟಿ ಹಿಡಿದು ನೋಡಿದೆ. ಹನ್ನೆರಡನೆಯ ಫ್ರೆಟ್ ತಂತಿಯ ಹೆಚ್ಚುಕಡಿಮೆ ನಟ್ಟನಡುವೆ ಇದೆ. ಅಂದರೆ ತಂತಿಯನ್ನು ಅರ್ಧ ಮಾಡಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಸಿಗುತ್ತದೆ. ಇದನ್ನು ಓದಿ ತಿಳಿಯುವುದು ಬೇರೆ, ಅಳೆದು ನೋಡುವುದೇ ಬೇರೆ.

ಆಮೇಲಷ್ಟೇ ತಂತಿಗಳನ್ನು ದಾಟಿದೆ. ಆರಂಭದಲ್ಲಿ ನೀವು ಕೇಳಿದ್ದು ಇದೇ. ಐದನೆಯ ತಂತಿಯ ಮೂರನೆಯ ಫ್ರೆಟ್‌ನಲ್ಲಿ ಸಿ. ನಾಲ್ಕನೆಯ ತಂತಿಯಲ್ಲಿ ಮೊದಲು ಬೆರಳಿಲ್ಲದೆ ಡಿ, ನಂತರ ಎರಡು, ಮೂರು. ಮೂರನೆಯ ತಂತಿಯಲ್ಲಿ ಬೆರಳಿಲ್ಲದೆ ಜಿ, ನಂತರ ಎರಡು. ಎರಡನೆಯ ತಂತಿ ಹಾಗೆಯೇ, ಕೊನೆಗೆ ಅದರ ಮೊದಲ ಫ್ರೆಟ್. ಒಂದೇ ತಂತಿಯಲ್ಲಿ ಎಲ್ಲಿಂದ ಹೊರಟಿದ್ದೆನೋ ಇದು ಅಲ್ಲಿಗೇ ಬಂದು ಮುಗಿಯಿತು! ಅದು ಮೇಲಿನ ಸ್ಥಾಯಿ, ಇದು ಕೆಳಗಿನ ಸ್ಥಾಯಿ, ನಡುವಿನ ಬಾಗಿಲು ಈ ಒಂದು ಸಿ. ಚುಕ್ಕೆಗಳ ಚಿತ್ರ ಇದನ್ನು ನನಗೆ ಹೇಳಿರಲಿಲ್ಲ.

ಈಗ ಆ ಗರಗರದ ವಿಷಯ. ನಾಲ್ಕನೆಯ ತಂತಿಯ ಮೂರನೆಯ ಫ್ರೆಟ್, ಉಂಗುರ ಬೆರಳು. ಕ್ಯಾಮೆರಾ ಹತ್ತಿರ ತಂದಿದ್ದೇನೆ. ಬೆರಳು ಎರಡು ಲೋಹದ ಪಟ್ಟಿಗಳ ನಡುವೆ ಬಹಳ ಹಿಂದೆ ಕುಳಿತಿದೆ. ಅಲ್ಲಿ ಎಷ್ಟೇ ಬಲವಾಗಿ ಒತ್ತಿದರೂ ತಂತಿ ಪಟ್ಟಿಗೆ ತಾಗಿ ಅದುರುತ್ತದೆ, ಬೆರಳ ತುದಿ ಮಾತ್ರ ಉರಿಯುತ್ತದೆ. ಅದನ್ನೇ ಮುಂದೆ ಜಾರಿಸಿ ಪಟ್ಟಿಯ ಬೆನ್ನಿಗೇ ಇಟ್ಟರೆ ಅರ್ಧ ಬಲ ಸಾಕು, ಸ್ವರ ತಿಳಿಯಾಗಿ ಬರುತ್ತದೆ. ಪಟ್ಟಿಯ ಮೇಲೆಯೇ ಇಡಬಾರದು, ಸ್ವರ ಮಂಕಾಗುತ್ತದೆ.

ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲಯ ಬಡಿಯುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ಬಡಿತಕ್ಕೊಂದು ಸ್ವರ, ಪಿಕ್ ಒಮ್ಮೆ ಕೆಳಗೆ, ಒಮ್ಮೆ ಮೇಲೆ. ತಪ್ಪಿಲ್ಲದೆ ಮೂರು ಸಲ ಬಂದರೆ 64. ಬೆರಳು ನೋಯಲು ಶುರುವಾದರೆ ಗಿಟಾರ್ ಕೆಳಗಿಡುತ್ತೇನೆ.

ಈ ವಾರ ಕಂಡುಕೊಂಡ ಒಂದು ಸಂಗತಿ ಇದೆ, ಅದನ್ನು ಹೇಳದೆ ಇರಲಾರೆ. ಸಿ ಮೇಜರ್‌ನಲ್ಲಿ ಅರ್ಧ ಹೆಜ್ಜೆಗಳು ಎರಡೇ ಕಡೆ ಇವೆ, ಇ ಮತ್ತು ಎಫ್ ನಡುವೆ, ಬಿ ಮತ್ತು ಸಿ ನಡುವೆ. ಎಫ್ ಮತ್ತು ಬಿ ಎರಡನ್ನೂ ಬಿಟ್ಟುಬಿಟ್ಟರೆ ಒಂದೂ ಅರ್ಧ ಹೆಜ್ಜೆ ಉಳಿಯುವುದಿಲ್ಲ. ಉಳಿದ ಐದು ಸ್ವರಗಳು ಮೇಜರ್ ಪೆಂಟಾಟಾನಿಕ್, ನಮ್ಮ ಕಿವಿಗೆ ಚಿರಪರಿಚಿತವಾದ ಮೋಹನ ರಾಗದ ಸ್ವರಗಳು. ಇವುಗಳಲ್ಲಿ ಯಾವುದರ ಪಕ್ಕ ಯಾವುದನ್ನು ನುಡಿಸಿದರೂ ಒರಟಾಗಿ ಕೇಳುವುದಿಲ್ಲ. ಅರ್ಧ ಗಂಟೆ ಕೂತು ಆಲಿಸಿದ್ದ ಆ ಚಿಕ್ಕ ಅಂತರ ಇರುವುದಕ್ಕೂ ಇಲ್ಲದಿರುವುದಕ್ಕೂ ಇಷ್ಟೊಂದು ವ್ಯತ್ಯಾಸ.

ಮೊದಲು ಏಳೂ ಸ್ವರಗಳನ್ನು ನುಡಿಸುತ್ತೇನೆ, ಆಮೇಲೆ ಆ ಎರಡನ್ನು ಬಿಟ್ಟು. ನಾಲ್ಕನೆಯ ಸ್ವರ ಈ ಸಲ ಹೇಗಿದೆ, ಕೇಳಿ.