ಜಾಲತಾಣಕ್ಕೂ ಬೇಕು ಜೀರ್ಣೋದ್ಧಾರದ ದತ್ತಿ

ಎಲ್ಲರಿಗೂ ನಮಸ್ಕಾರ.

2021ರ ಅಕ್ಟೋಬರ್ ತಿಂಗಳ ಒಂದು ಬೆಳಗ್ಗೆ ಶಾಲೆಯ ಮೇಷ್ಟ್ರೊಬ್ಬರು ನನಗೆ ಫೋನ್ ಮಾಡಿದರು. "ಸರ್, ಗಾಡಿಯ ಪುಟ ತೆರೆಯುತ್ತಿಲ್ಲ. ಇವತ್ತು ಏಳನೇ ತರಗತಿಯ ಮಕ್ಕಳಿಗೆ ತೋರಿಸಬೇಕೆಂದಿದ್ದೆ" ಎಂದರು. ನಾವು ಕೆಲವರು ಸೇರಿ ನಡೆಸುವ ತಾಣದಲ್ಲಿ ಊರೂರಿನ ಜನ ತಮ್ಮ ಕಸುಬಿನ ಪದಗಳನ್ನು ದಾಖಲಿಸುತ್ತಾರೆ. ಅದರಲ್ಲಿ ಎತ್ತಿನ ಗಾಡಿಗೆ ಒಂದು ಪುಟವಿದೆ. ವಯಸ್ಸಾದ ಬಡಗಿಯೊಬ್ಬರು ಹೇಳುತ್ತಾ ಹೋಗಿದ್ದಾರೆ, ಅವರ ಮೊಮ್ಮಗಳು ಬರೆದುಕೊಂಡಿದ್ದಾಳೆ: ನೊಗ, ಮೂಕಿ, ಅಚ್ಚು, ಕಡಾಣಿ. ಒಂದೊಂದಕ್ಕೂ ಒಂದು ಚಿತ್ರ, ಯಾವುದಕ್ಕೆ ಯಾವ ಮರ ಬಾಳಿಕೆ ಬರುತ್ತದೆ ಎಂಬ ಒಂದೆರಡು ಸಾಲು. ಆ ಬಡಗಿ ಈಗ ಇಲ್ಲ. ಅವರು ಹೇಳಿದ್ದು ಆ ಪುಟದಲ್ಲಿ ಮಾತ್ರ ಇದೆ.

ಆ ಪುಟ ಮತ್ತೆ ತೆರೆಯಲು 11 ದಿನ ಹಿಡಿಯಿತು. ನಾವು ಕಟ್ಟಬೇಕಾಗಿದ್ದುದು ಎಂಟುನೂರು ಚಿಲ್ಲರೆ ರೂಪಾಯಿ. ಹಣ ಇತ್ತು. ತಾಣವನ್ನು ಇಟ್ಟಿರುವ ಕಂಪ್ಯೂಟರಿನ, ಅಂದರೆ ಸರ್ವರಿನ, ಬಾಡಿಗೆ ಪ್ರತಿ ತಿಂಗಳೂ ನಮ್ಮ ಗೆಳೆಯರೊಬ್ಬರ ಕಾರ್ಡಿನಿಂದ ತಾನಾಗಿಯೇ ಸಂದಾಯವಾಗುತ್ತಿತ್ತು. ಆ ವರ್ಷ ಅಕ್ಟೋಬರ್ 1ರಿಂದ ಕಾರ್ಡಿನ ಸ್ವಯಂ ಪಾವತಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಗೆ ಬಂದಿತ್ತು. ಗ್ರಾಹಕರು ಹೊಸದಾಗಿ ಒಪ್ಪಿಗೆ ಕೊಡಬೇಕಿತ್ತು. ಅದರ ಸೂಚನೆ ಬಂದದ್ದು ತಾಣ ಶುರುವಾದಾಗ ಮಾಡಿಸಿ ಆಮೇಲೆ ಯಾರೂ ತೆರೆಯದೆ ಬಿಟ್ಟ ಒಂದು ಇಮೇಲ್ ವಿಳಾಸಕ್ಕೆ. ಗೆಳೆಯರು ಅಷ್ಟರಲ್ಲಿ ಜರ್ಮನಿಗೆ ಹೋಗಿದ್ದರು, ಒಟಿಪಿ ಬರುತ್ತಿದ್ದ ಸಿಮ್ ಕೆಲಸ ನಿಲ್ಲಿಸಿತ್ತು. ಖಾತೆ ಯಾರ ಹೆಸರಿನಲ್ಲಿದೆಯೋ ಅವರೇ ಮಾತಾಡಬೇಕು ಎಂಬುದು ಸರ್ವರ್ ಕೊಟ್ಟವರ ನಿಯಮ, ಅದು ನ್ಯಾಯವೇ. ತಪ್ಪು ಪೂರ್ತಿ ನಮ್ಮದು. ತಾಣ ಕಟ್ಟುವಾಗ ಹನ್ನೆರಡು ಜನ ಇದ್ದೆವು. ಕಾಯುವ ಕೆಲಸವನ್ನು ಮಾತ್ರ ಯಾರ ಹೆಸರಿಗೂ ಬರೆದಿರಲಿಲ್ಲ.

ನಮ್ಮ ಹಿಂದಿನವರು ಈ ತಪ್ಪು ಮಾಡುತ್ತಿರಲಿಲ್ಲ. ಕರ್ನಾಟಕದ ದಾನಶಾಸನಗಳನ್ನು ಓದಿದವರಿಗೆಲ್ಲ ಒಂದು ಮಾತು ಬಾಯಿಪಾಠವಾಗಿರುತ್ತದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಮುರಿದದ್ದು, ಬಿರುಕು ಬಿಟ್ಟದ್ದು, ಹಳತಾದದ್ದು, ಇವುಗಳ ದುರಸ್ತಿ. ಗುಡಿಗೆ ಭೂಮಿ ಬಿಡುವಾಗಲೇ ಅದರ ಹುಟ್ಟುವಳಿಯಲ್ಲಿ ಈ ಖರ್ಚನ್ನೂ ಸೇರಿಸಿ ಕಲ್ಲಿನ ಮೇಲೆ ಕೊರೆಸುತ್ತಿದ್ದರು. ನಂದಾದೀವಿಗೆಗೆ ಎಣ್ಣೆ ಯಾವ ಗಾಣದಿಂದ ಬರಬೇಕು ಎಂದು ಬರೆಸುತ್ತಿದ್ದರು. ಕೆರೆ ಕಟ್ಟಿಸಿದರೆ ಕೆರೆಯ ಕೆಳಗೆ ಬಿತ್ತುವಟ್ಟ, ಅಂದರೆ ಕೆರೆಯ ಪಾಲನೆಗೆಂದೇ ಭೂಮಿ, ಬಿಡುತ್ತಿದ್ದರು. ವಿಜಯನಗರದ ಕಾಲದ ತಾಮ್ರಪಟಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಶ್ಲೋಕವೊಂದಿದೆ: "ದಾನಪಾಲನಯೋರ್ಮಧ್ಯೇ ದಾನಾಚ್ಛ್ರೇಯೋಽನುಪಾಲನಮ್." ಕೊಡುವುದು, ಕೊಟ್ಟದ್ದನ್ನು ಕಾಪಾಡುವುದು, ಈ ಎರಡರಲ್ಲಿ ಕಾಪಾಡುವುದೇ ದೊಡ್ಡದು. ದಾನದಿಂದ ಸ್ವರ್ಗ ಸಿಗುತ್ತದೆ, ಪಾಲನೆಯಿಂದ ಅಚ್ಯುತಪದ, ಅಂದರೆ ಜಾರಿಹೋಗದ ಶಾಶ್ವತ ಸ್ಥಾನ. ಒಂದು ಮೆಟ್ಟಿಲು ಮೇಲೆ. ನಾನು ಇವತ್ತು ಹೇಳಲು ಬಂದಿರುವುದು ಈ ಶ್ಲೋಕವನ್ನೇ, ಜಾಲತಾಣಗಳ ವಿಷಯದಲ್ಲಿ.

ಪಾಲನೆಯ ಕಡೆಗೆ ಹಣ ಹರಿಯುವುದಿಲ್ಲ ಎಂಬುದು ಕನ್ನಡದ ಸಣ್ಣ ತಾಣಗಳ ಕಷ್ಟ ಮಾತ್ರವಲ್ಲ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾಯಿತು. ಅದು ಇದ್ದದ್ದು ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ. ಲೋಕದ ಬಹುಪಾಲು ತಾಣಗಳಲ್ಲಿ ಪಾಸ್‌ವರ್ಡುಗಳ ಗುಟ್ಟು ಕಾಯುತ್ತಿದ್ದದ್ದು ಅದೇ. ಬ್ಯಾಂಕುಗಳು, ದೊಡ್ಡ ಕಂಪನಿಗಳು ಎಲ್ಲವೂ ಪುಕ್ಕಟೆಯಾಗಿ ಬಳಸುತ್ತಿದ್ದ ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್; ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರು. ದೋಷ ಹೊರಬಿದ್ದ ಮೇಲೆ ದೊಡ್ಡ ಕಂಪನಿಗಳು ಮುಕ್ತ ತಂತ್ರಾಂಶಗಳಿಗೆ ಬೆಂಬಲ ಕೊಡುವ ಲಿನಕ್ಸ್ ಫೌಂಡೇಶನ್ ಎಂಬ ಸಂಸ್ಥೆಯ ಮೂಲಕ ತಲಾ ವರ್ಷಕ್ಕೆ 1 ಲಕ್ಷ ಡಾಲರ್‌ನಂತೆ 3 ವರ್ಷ ಕೊಡಲು ಮುಂದೆ ಬಂದವು. ಕೆರೆ ಒಡೆದ ಮೇಲೆ ಏರಿಗೆ ಮಣ್ಣು ಹೊತ್ತಂತಾಯಿತು.

ಹಣ ಎಲ್ಲಿಂದ ತರಬೇಕು? ಜಾಹೀರಾತು ಹಾಕಿ ಎಂದು ಪ್ರತಿ ವರ್ಷ ಯಾರಾದರೊಬ್ಬರು ನಮಗೆ ಸಲಹೆ ಕೊಡುತ್ತಾರೆ. ನಾನು ಒಪ್ಪುವುದಿಲ್ಲ, ಏಕೆಂದು ಹೇಳುತ್ತೇನೆ. 2002ರಲ್ಲಿ ವಿಕಿಪೀಡಿಯದಲ್ಲಿ ಜಾಹೀರಾತು ಬರಬಹುದು ಎಂಬ ಮಾತು ಎದ್ದಿತ್ತು. ಅಷ್ಟಕ್ಕೇ ಸ್ಪ್ಯಾನಿಷ್ ಭಾಷೆಯಲ್ಲಿ ಬರೆಯುತ್ತಿದ್ದವರಲ್ಲಿ ಬಹಳಷ್ಟು ಮಂದಿ ಹೊರನಡೆದು, ಸೆವಿಲ್ಲೆ ವಿಶ್ವವಿದ್ಯಾಲಯದ ಸರ್ವರಿನಲ್ಲಿ ತಮ್ಮದೇ ಬೇರೆ ವಿಶ್ವಕೋಶ ಹೂಡಿದರು. ಪುಕ್ಕಟೆ ಬರೆಯುವವರ ಮನಸ್ಸು ಹಾಗಿರುತ್ತದೆ. ನನ್ನ ಬೆವರನ್ನು ಇನ್ನೊಬ್ಬರು ಮಾರುತ್ತಿದ್ದಾರೆ ಎಂದು ಒಮ್ಮೆ ಅನ್ನಿಸಿದರೆ ಮತ್ತೆ ಕೈ ಏಳುವುದಿಲ್ಲ. ಮಾರನೆಯ ವರ್ಷ ವಿಕಿಮೀಡಿಯ ಪ್ರತಿಷ್ಠಾನ ಹುಟ್ಟಿತು. ಓದುಗರ ದೇಣಿಗೆಯೇ ಅದರ ಆಧಾರವಾಯಿತು, ಜಾಹೀರಾತು ಇವತ್ತಿಗೂ ಬಂದಿಲ್ಲ.

ಜಾಹೀರಾತನ್ನೇ ನೆಚ್ಚಿದವರ ಕಥೆಗೆ ಮೆಟಾಫಿಲ್ಟರ್ ಉದಾಹರಣೆ. 1999ರಲ್ಲಿ ಅಮೆರಿಕದಲ್ಲಿ ಶುರುವಾದ, ಸಜ್ಜನರು ಸೇರಿ ಮಾತಾಡುವ ಚಾವಡಿಯಂಥ ತಾಣ ಅದು. 2012ರ ನವೆಂಬರ್‌ನಲ್ಲಿ ಗೂಗಲ್ ತನ್ನ ಹುಡುಕಾಟದ ಕ್ರಮವನ್ನು ಬದಲಿಸಿತು. ತಾಣಕ್ಕೆ ಬರುವವರ ಸಂಖ್ಯೆಯೂ ವರಮಾನವೂ ಒಮ್ಮೆಗೇ ಸುಮಾರು ಶೇ. 40ರಷ್ಟು ಕುಸಿದವು. ಇವರು ಮಾಡಿದ ತಪ್ಪೇನೂ ಇರಲಿಲ್ಲ. 2014ರ ಹೊತ್ತಿಗೆ ಸಂಬಳದ ಮೇಲಿದ್ದ ಕೆಲವರನ್ನು ಬಿಡಬೇಕಾಯಿತು. ಆಗ ಅದನ್ನು ಎತ್ತಿ ಹಿಡಿದದ್ದು ಸದಸ್ಯರು ತಿಂಗಳು ತಿಂಗಳು ಕೊಟ್ಟ ಸಣ್ಣ ಮೊತ್ತ. ಬೇರೆಯವರ ತೂಬಿನಿಂದ ನೀರು ಹರಿಸಿಕೊಳ್ಳುವ ಗದ್ದೆ ಯಾವತ್ತೂ ಭಯದಲ್ಲೇ ಇರುತ್ತದೆ.

ನಮ್ಮ ತಾಣದ ಖರ್ಚು ವರ್ಷಕ್ಕೆ 18,000 ರೂಪಾಯಿಯ ಆಸುಪಾಸು. ಡೊಮೈನ್ ಎಂಬ ತಾಣದ ವಿಳಾಸ, ಸರ್ವರ್, ಇನ್ನೊಂದು ಊರಿನಲ್ಲಿ ಇಟ್ಟಿರುವ ಬ್ಯಾಕಪ್ ಪ್ರತಿ, ಅಷ್ಟೇ. ಈ ಮೊತ್ತಕ್ಕೆ ಪ್ರತಿ ವರ್ಷ ಕೈಚಾಚಬೇಕೇ ಎಂದು ಯೋಚಿಸುತ್ತಿದ್ದಾಗ ಉತ್ತರ ನಮ್ಮ ಕಣ್ಣೆದುರೇ ಇತ್ತು. ಇವತ್ತು ನಾವು ಸೇರಿರುವುದು ಒಂದು ದತ್ತಿ ಉಪನ್ಯಾಸಕ್ಕೆ. ಯಾರೋ ಒಬ್ಬರು ತಂದೆತಾಯಿಯ ಹೆಸರಿನಲ್ಲಿ ಇಡುಗಂಟು ಇಟ್ಟಿದ್ದಾರೆ, ಅದರ ಬಡ್ಡಿಯಿಂದ ಈ ಸಭೆ ನಡೆಯುತ್ತಿದೆ. ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ, ವಿಶ್ವವಿದ್ಯಾಲಯಗಳಲ್ಲಿ, ತಾಲ್ಲೂಕಿನ ಸಂಘಗಳಲ್ಲಿ ಇಂಥ ದತ್ತಿಗಳು ಎಷ್ಟೋ ಇವೆ. ಉಪನ್ಯಾಸಕ್ಕೆ, ಪುಸ್ತಕ ಬಹುಮಾನಕ್ಕೆ, ಪ್ರತಿಭಾವಂತ ವಿದ್ಯಾರ್ಥಿಗೆ ಚಿನ್ನದ ಪದಕಕ್ಕೆ ದತ್ತಿ ಇದೆ. ಸರ್ವರ್ ಬಾಡಿಗೆಗೆ ದತ್ತಿ ಇಟ್ಟವರನ್ನು ನಾನು ಕಂಡಿರಲಿಲ್ಲ. ಶೇ. 6ರ ಬಡ್ಡಿಗೆ 3 ಲಕ್ಷ ರೂಪಾಯಿ ಇಟ್ಟರೆ ವರ್ಷಕ್ಕೆ 18,000 ಬರುತ್ತದೆ. ಬೆಲೆ ಏರುತ್ತದೆ, ನಿಜ. ಬಡ್ಡಿಯ ಒಂದು ಪಾಲನ್ನು ಅಸಲಿಗೆ ಸೇರಿಸುತ್ತಾ ಹೋಗಬೇಕು, ಹಾಗಾಗಿ ಮೂರರ ಬದಲು ನಾಲ್ಕು ಲಕ್ಷ ಎಂದುಕೊಳ್ಳೋಣ. ಒಂದು ಸಾಧಾರಣ ಮದುವೆಯ ಊಟದ ಖರ್ಚು. ವಿಕಿಮೀಡಿಯದವರು ಇದೇ ಕೆಲಸವನ್ನು ಬೃಹತ್ತಾಗಿ ಮಾಡಿದ್ದಾರೆ. 2016ರಲ್ಲಿ ಅವರು ದತ್ತಿನಿಧಿ ಶುರುಮಾಡಿ 10 ವರ್ಷದಲ್ಲಿ 10 ಕೋಟಿ ಡಾಲರ್ ಕೂಡಿಸುವ ಗುರಿ ಇಟ್ಟುಕೊಂಡರು. 2021ರಲ್ಲೇ ಅದು ತುಂಬಿತು.

ದತ್ತಿ ಇಡಬೇಕಾದರೆ ಇಟ್ಟುಕೊಳ್ಳುವ ಸಂಸ್ಥೆ ಇರಬೇಕು. ಒಬ್ಬರ ಉಳಿತಾಯ ಖಾತೆಗೆ ಸಮುದಾಯದ ಹಣ ಹಾಕಬಾರದು. ಅವರು ಎಷ್ಟೇ ಪ್ರಾಮಾಣಿಕರಿರಲಿ, ನಾಳೆ ಅವರಿಗೆ ಏನಾದರೂ ಆದರೆ ಆ ಹಣ ವಾರಸುದಾರರದ್ದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಕನಿಷ್ಠ 7 ಜನ ಸೇರಿದರೆ ಸಂಘ ನೋಂದಾಯಿಸಬಹುದು. ಆಮೇಲೆ ಪ್ರತಿ ವರ್ಷ ಸರ್ವಸದಸ್ಯರ ಸಭೆ, ಲೆಕ್ಕಪತ್ರ ಎಲ್ಲ ತಪ್ಪದೆ ಆಗಬೇಕು. ಅದು ಸಾಧ್ಯವಿಲ್ಲ ಎನ್ನುವವರು ಆಗಲೇ ಇರುವ ಒಂದು ನಂಬಿಕಸ್ಥ ಸಂಘದ ಆಶ್ರಯದಲ್ಲಿ ದತ್ತಿ ಇಡುವುದು ಮೇಲು. ನಾವು ಮಾಡಿದ್ದು ಹಾಗೆಯೇ.

ಹೊರದೇಶದ ಕನ್ನಡಿಗರ ಬಗ್ಗೆ ಒಂದು ಎಚ್ಚರಿಕೆ. ಅವರು ಕೊಡಲು ತುದಿಗಾಲಲ್ಲಿ ನಿಂತಿರುತ್ತಾರೆ, ಅವರ ಪ್ರೀತಿಗೆ ನಾನು ತಲೆಬಾಗುತ್ತೇನೆ. ಆದರೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯನ್ನು ಓದದೆ ಒಂದು ಡಾಲರನ್ನೂ ತೆಗೆದುಕೊಳ್ಳಬೇಡಿ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ಅನಿವಾಸಿಯೊಬ್ಬರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅವರ ಅಣ್ಣನೇ ಅಮೆರಿಕದ ಪೌರತ್ವ ಪಡೆದಿದ್ದರೆ, ಆ ಅಣ್ಣನ ಹಣ ವಿದೇಶಿ ದೇಣಿಗೆ. ಅದನ್ನು ಪಡೆಯಲು ಕಾಯ್ದೆಯಡಿ ನೋಂದಣಿ ಬೇಕು. ನೋಂದಣಿಗೆ ಸಾಮಾನ್ಯವಾಗಿ ಸಂಸ್ಥೆಗೆ 3 ವರ್ಷ ಆಗಿರಬೇಕು, ಆ ಅವಧಿಯಲ್ಲಿ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ವರ್ಷಕ್ಕೆ ಹದಿನೆಂಟು ಸಾವಿರ ಖರ್ಚು ಮಾಡುವ ನಮಗೆ ಆ ಬಾಗಿಲು ಮುಚ್ಚಿದಂತೆಯೇ. ಅಂಥವರಿಗೆ ನಾವು ಹೇಳುವುದು ಒಂದೇ: ನಿಮ್ಮ ಸಮಯ ಕೊಡಿ.

ಹಣದ ಮಾತು ಇಷ್ಟು ಸಾಕು. ಸಮಯವೇ ಹೆಚ್ಚು ದುಬಾರಿ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಮ್ಮ ತಾಣದ ಹಳೆಯ ಪುಟಗಳು 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿದ್ದವು. ಅವನ್ನು ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರಸಂಕೇತ ಯೂನಿಕೋಡಿಗೆ ತರಬೇಕಾಯಿತು. ಪರಿವರ್ತಕ ತಂತ್ರಾಂಶ ಒಂದು ರಾತ್ರಿಯಲ್ಲಿ ಎಲ್ಲವನ್ನೂ ತಿರುಗಿಸಿ ಕೊಟ್ಟಿತು. ಬೆಳಗ್ಗೆ ನೋಡಿದರೆ ಎಲ್ಲೆಲ್ಲೂ 'ಕನಾರ್ಟಕ'. ಕಾರಣ ಸರಳ. ಹಳೆಯ ವಿನ್ಯಾಸದಲ್ಲಿ 'ರ್' ಸೂಚಿಸುವ ಗುರುತಾದ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಕಡೆ, ಅಂದರೆ 'ನಾ' ಆದ ಮೇಲೆ ಇಡುತ್ತಾರೆ. ಯೂನಿಕೋಡಿನಲ್ಲಿ ಬಾಯಿಗೆ ಬರುವ ಕ್ರಮ, 'ರ್' ಮೊದಲು, 'ನಾ' ಆಮೇಲೆ. ಹಿಂದಕ್ಕೆ ಹೋಗಬೇಕಾದ 'ರ್' ಇದ್ದಲ್ಲೇ ನಿಂತು ಮುಂದಿನ 'ಟ'ವನ್ನು ಹಿಡಿದುಕೊಳ್ಳುತ್ತದೆ. ಹೀಗೆಯೇ 'ಧರ್ಮ' ಹೋಗಿ 'ಧಮರ್', 'ಕಾರ್ಯ' ಹೋಗಿ 'ಕಾಯರ್'. ಓದುವವರು ಹೇಗೋ ಊಹಿಸಿಕೊಳ್ಳುತ್ತಾರೆ. ಹುಡುಕುವ ಯಂತ್ರ ಊಹಿಸುವುದಿಲ್ಲ. 'ಧರ್ಮ' ಎಂದು ಹುಡುಕಿದವರಿಗೆ ಆ ಪುಟ ಇಲ್ಲವೇ ಇಲ್ಲ.

ಅದನ್ನು ಸರಿಪಡಿಸಿದವರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮೇಡಂ. ಸಂಜೆ ದೇವರ ದೀಪ ಹಚ್ಚಿದ ಮೇಲೆ ಎರಡು ಗಂಟೆ ಕೂರುತ್ತಿದ್ದರು. ಹೀಗೆ ಎರಡು ವರ್ಷ. ಒಂದು ಪುಟವನ್ನೂ ಅವರು ಹೊಸದಾಗಿ ಬರೆಯಲಿಲ್ಲ, ಹಾಗಾಗಿ ತಾಣದ ಯಾವ ಪುಟದ ಕೆಳಗೂ ಅವರ ಹೆಸರಿರಲಿಲ್ಲ. ಇದು ನಮಗೆ ಹೊಳೆದದ್ದು ಅವರು ಆಯಾಸವಾಗಿದೆ ಎಂದು ನಿಲ್ಲಿಸಿದ ಮೇಲೆ. ಈಗ ತಿದ್ದಿದವರ ಹೆಸರೂ ಬರೆದವರ ಹೆಸರಿನ ಪಕ್ಕದಲ್ಲೇ, ಅದೇ ಅಳತೆಯ ಅಕ್ಷರದಲ್ಲಿ ಬರುತ್ತದೆ. ಇಂಥ ಕೆಲಸ ಇನ್ನೂ ಎಷ್ಟೋ ಇದೆ. ಸುಳ್ಳು ಖಾತೆಗಳನ್ನು ದಿನವೂ ಕಳೆ ಕಿತ್ತಂತೆ ಕೀಳಬೇಕು. ತಂತ್ರಾಂಶವನ್ನು ಆಗಾಗ ಹೊಸದು ಮಾಡಬೇಕು. ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಪುಕ್ಕಟೆ ಸಿಗುವ ಭದ್ರತಾ ಪ್ರಮಾಣಪತ್ರ 90 ದಿನಕ್ಕೆ ಮುಗಿಯುತ್ತದೆ. ತಾನಾಗಿಯೇ ನವೀಕರಣವಾಗುತ್ತದೆ ಎಂದುಕೊಂಡಿದ್ದು ಒಂದು ದಿನ ಆಗಿರುವುದಿಲ್ಲ. ಇವಕ್ಕೆಲ್ಲ ತಿಂಗಳಿಗೆ ಇಷ್ಟು ಗಂಟೆ ಎಂದು ಬರೆದಿಟ್ಟು, ಸಾಧ್ಯವಾದಾಗ ಗೌರವಧನ ಕೊಡಬೇಕು. ಸೇವೆಗೆ ಹಣವೇ ಎಂದು ಮೂಗು ಮುರಿಯುವವರಿದ್ದಾರೆ. ಗುಡಿಯಲ್ಲಿ ದೀಪ ಹಚ್ಚುವವನಿಗೂ ಶಾಸನದಲ್ಲಿ ಜೀವಿತ, ಅಂದರೆ ಜೀವನೋಪಾಯದ ದತ್ತಿ, ಬರೆದಿಡುತ್ತಿದ್ದರು.

ಇಷ್ಟೆಲ್ಲ ಮಾಡಿಯೂ ತಾಣ ನಿಂತುಹೋಗಬಹುದು. ಅದನ್ನು ಒಪ್ಪಿಕೊಂಡೇ ಕೆಲಸ ಮಾಡಬೇಕು. ಜನ ಪುಕ್ಕಟೆಯಾಗಿ ತಮ್ಮ ಪುಟ ಕಟ್ಟಿಕೊಳ್ಳುತ್ತಿದ್ದ ಜಿಯೋಸಿಟೀಸ್ ತಾಣವನ್ನು ಯಾಹೂ ಕಂಪನಿ 1999ರಲ್ಲಿ ಕೊಂಡು 2009ರಲ್ಲಿ ಮುಚ್ಚಿತು. ಅದರದೇ ಚರ್ಚಾಗುಂಪುಗಳ ತಾಣ ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ನಿಂತಿತು; ಅಷ್ಟು ದೊಡ್ಡ ಕಂಪನಿಯ ಅಂಗಳದಲ್ಲಿ ಜನ ವರ್ಷಗಟ್ಟಲೆ ಆಡಿದ ಮಾತು ಹೋಯಿತು. ನಮ್ಮ ಅಂಗಳ ಬಹಳ ಸಣ್ಣದು. ಅದಕ್ಕೇ ನಾನು ಅಲರ್ ನಿಘಂಟಿನ ದಾರಿಯನ್ನು ಮೆಚ್ಚುತ್ತೇನೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಅದು, ಒಂದೂವರೆ ಲಕ್ಷದಷ್ಟು ಪದಗಳು. 2019ರಲ್ಲಿ ಅದು ತಾಣವಾಗಿ ತೆರೆದುಕೊಂಡಾಗ ಮುಕ್ತ ಪರವಾನಗಿಯಲ್ಲಿ ಪೂರ್ತಿ ದತ್ತಾಂಶವೇ ಹೊರಬಂತು. ಯಾರು ಬೇಕಾದರೂ ಇಳಿಸಿಕೊಂಡು ಇಟ್ಟುಕೊಳ್ಳಬಹುದು. ನಾಳೆ ಆ ತಾಣ ಇಲ್ಲವಾದರೂ ಪದಗಳು ಹತ್ತು ಕಡೆ ಬದುಕಿರುತ್ತವೆ. ನಮ್ಮ ಗಾಡಿಯ ಪುಟವೂ ಈಗ ಅಂಥದೇ ಪರವಾನಗಿಯಲ್ಲಿದೆ. ಒಪ್ಪಿಗೆ ಕೇಳಲು ಬಡಗಿಯವರ ಮೊಮ್ಮಗಳಿಗೆ ಫೋನ್ ಮಾಡಿದಾಗ ಅವಳು, "ತಾತ ಇದ್ದಿದ್ದರೆ ಕೇಳಬೇಕಾಗಿಯೇ ಇರಲಿಲ್ಲ" ಎಂದಳು.

ಡೊಮೈನನ್ನು ಈಗ 10 ವರ್ಷಕ್ಕೆ ಕಟ್ಟಿದ್ದೇವೆ, ಅದಕ್ಕಿಂತ ಹೆಚ್ಚಿಗೆ ಕಟ್ಟಲು ಬರುವುದಿಲ್ಲ. ಸೂಚನೆಗಳು ಮೂವರ ಇಮೇಲಿಗೆ ಬರುತ್ತವೆ. ಎಲ್ಲ ಖಾತೆಗಳ ವಿವರ ಬರೆದ ಎರಡು ಲಕೋಟೆಗಳಿವೆ, ಒಂದು ಮೈಸೂರಿನಲ್ಲಿ, ಒಂದು ಹುಬ್ಬಳ್ಳಿಯಲ್ಲಿ. ಪ್ರತಿ ವರ್ಷ ನವೆಂಬರ್ 1ರಂದು ಸಂಘದ ಒಬ್ಬ ಸದಸ್ಯರು ಲಕೋಟೆ ಒಡೆದು, ಅದರಲ್ಲಿ ಬರೆದದ್ದನ್ನು ಮಾತ್ರ ನೋಡಿಕೊಂಡು, ಬ್ಯಾಕಪ್‌ನಿಂದ ಇಡೀ ತಾಣವನ್ನು ಖಾಲಿ ಸರ್ವರಿನ ಮೇಲೆ ಎತ್ತಿ ನಿಲ್ಲಿಸಬೇಕು. ಕಳೆದ ವರ್ಷ ಐದನೇ ಮೆಟ್ಟಿಲಿನಲ್ಲಿ ಒಂದು ಸಾಲು ಬಿಟ್ಟುಹೋಗಿದ್ದು ಗೊತ್ತಾಯಿತು, ಸೇರಿಸಿದೆವು. ಈ ವರ್ಷದ ಸರದಿ ಆ ಮೊಮ್ಮಗಳದ್ದು. ಈಗ ಅವಳು ಡಿಪ್ಲೊಮಾ ಎರಡನೇ ವರ್ಷ. ನಾನು ಪಕ್ಕದಲ್ಲಿ ಕೂತಿರುತ್ತೇನೆ. ಕೇಳಿದರೂ ಬಾಯಿಬಿಡಬಾರದು ಎಂದು ಅವಳೇ ಷರತ್ತು ಹಾಕಿದ್ದಾಳೆ.