ಶಾಟ್ ಮುಗಿದ ಮೇಲೆ ಎದ್ದು ಹೋಗಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಧಾರಾವಾಹಿಯಲ್ಲಿ ನಟಿಸಬೇಕು ಅಂತ ಆಸೆ ಇಟ್ಟುಕೊಂಡವರು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಬಹಳ ಮಂದಿ ಇದ್ದೀರಿ. ನನ್ನ ಹತ್ತಿರ ಕಲಿಯಲು ಬರುವವರು ಸ್ವಲ್ಪ ದಿನಕ್ಕೇ ಕೇಳುತ್ತಾರೆ, "ಮೇಡಂ, ಮುಂದೆ ಡೈರೆಕ್ಟರ್ ಆಗಬೇಕು, ಯಾವ ಕೋರ್ಸ್ ಮಾಡಲಿ?" ಕೋರ್ಸ್ ಆಮೇಲೆ ನೋಡೋಣ. ಮೊದಲು, ನಿಮ್ಮ ಶಾಟ್ ಮುಗಿದ ಮೇಲೆ ಸೆಟ್ ಬಿಟ್ಟು ಎದ್ದು ಹೋಗಬೇಡಿ. ಅಲ್ಲೇ ನಿಂತು ನೋಡಿ.

ವೈಶಾಲಿ ಕಾಸರವಳ್ಳಿ ಅವರನ್ನು ನೆನಪಿಸಿಕೊಳ್ಳಿ. ಕಲಬುರಗಿಯಲ್ಲಿ ಹುಟ್ಟಿದವರು. ನಾಟಕ, ಸಿನಿಮಾ, ಟೀವಿ ಎಲ್ಲದರಲ್ಲೂ ನಟಿಸಿದರು. ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಪುಟ್ಟ ಸ್ವಾಮಿಯ ಅಮ್ಮ ಅವರೇ. 'ತಾಯಿ ಸಾಹೇಬ' ಸಿನಿಮಾಕ್ಕೆ ವಸ್ತ್ರವಿನ್ಯಾಸ ಮಾಡಿ ರಾಷ್ಟ್ರಪ್ರಶಸ್ತಿ ಪಡೆದರು. ಆಮೇಲೆ ಧಾರಾವಾಹಿ ನಿರ್ದೇಶಿಸಿದರು. ಅವರ 'ಮೂಡಲ ಮನೆ' ನಮ್ಮ ಕಡೆಯ ಮನೆತನದ ಕಥೆ. ಆ ಹೆಸರು ಕಿವಿಗೆ ಬಿದ್ದರೆ ಸಾಕು, ಧಾರವಾಡದವರಿಗೆ ಬೇಂದ್ರೆ ಅಜ್ಜನ ಬೆಳಗು ಪದ್ಯ ತಾನಾಗಿ ಬಾಯಿಗೆ ಬರುತ್ತದೆ, ಅಲ್ವಾ? ಯಾವ ಸೀರೆ ಯಾರ ಮೈಮೇಲೆ ಹೇಗೆ ಕೂರುತ್ತದೆ ಅಂತ ನೋಡಿ ಪಳಗಿದ ಕಣ್ಣು ಅವರದು. ಅಂಥ ಕಣ್ಣು ಕ್ಯಾಮೆರಾ ಹಿಂದೆ ಬಂದರೆ ಮನೆಯೊಳಗಿನ ಕಥೆಗೆ ಬೇರೆಯೇ ಜೀವ ಬರುತ್ತದೆ.

ನನಗೆ ಈ ನೋಡುವ ಪಾಠ ಕಲಿಸಿದ್ದು ಒಬ್ಬ ಅಜ್ಜಿ. ಅದನ್ನು ಹೇಳಲೇಬೇಕು.

ಧಾರವಾಡದ ಹತ್ತಿರದ ಒಂದು ಹಳ್ಳಿಯ ವಾಡೆಯಲ್ಲಿ ಶೂಟಿಂಗ್. ನಾನು ಸೊಸೆಯ ಪಾತ್ರ. ಮಾವನಿಗೆ ಊಟಕ್ಕೆ ಬಡಿಸುವ ದೃಶ್ಯ. ತಾಟಿನಲ್ಲಿ ಜೋಳದ ರೊಟ್ಟಿ, ಝುಣಕ, ಒಂದು ಕಡೆ ಉಳ್ಳಾಗಡ್ಡಿ. ಮೊದಲು ದೂರದಿಂದ ಇಡೀ ದೃಶ್ಯ ತೆಗೆದರು. ಮಾವನ ಪಾತ್ರದವರು ಮಾತಾಡುತ್ತಾ ರೊಟ್ಟಿ ಮುರಿದು ಬಾಯಿಗಿಟ್ಟರು. ಆಮೇಲೆ ಹತ್ತಿರದಿಂದ ನನ್ನನ್ನಷ್ಟೇ ತೆಗೆಯುವ ಕ್ಲೋಸಪ್ ಆಯಿತು. ನನ್ನ ಕೆಲಸ ಮುಗಿಯಿತು ಅಂತ ನಾನು ಹೊರಗೆ ಟೆಂಪೋದಲ್ಲಿ ಹೋಗಿ ಕೂತೆ. ಅಷ್ಟರಲ್ಲಿ ಎಲ್ಲರಿಗೂ ಊಟದ ಬ್ರೇಕ್. ಊಟ ಆದ ಮೇಲೆ ಮಾವನ ಕ್ಲೋಸಪ್‌ಗೆ ಹೊಸ ತಾಟು ಇಟ್ಟರು. ಲೈಟ್ ಸರಿ ಮಾಡಿದರು. "ಆ್ಯಕ್ಷನ್" ಅಂದರು, ಶಾಟ್ ಓಕೆ ಆಯಿತು.

ಆ ಮನೆಯ ಅಜ್ಜಿ ಬೆಳಗಿನಿಂದ ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತಿದ್ದರು. ಮೆಲ್ಲಗೆ ಕೇಳಿದರಂತೆ, "ಯಪ್ಪಾ, ಮುರದ ರೊಟ್ಟಿ ಮತ್ತ ಹೆಂಗ ಕೂಡ್ತು?"

ಎಲ್ಲರೂ ತಾಟು ನೋಡಿದರು. ಇಡೀ ರೊಟ್ಟಿ! ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. "ಸೊಸಿ ಒಳಗ ಬರುವಾಗ ತಲಿ ಮ್ಯಾಲ ಸೆರಗು ಇತ್ತು, ಬಡಸುವಾಗ ಇರಲಿಲ್ಲ" ಅಂದರು. ಅದು ನನ್ನ ತಪ್ಪು. ಟೆಂಪೋದಿಂದ ನನ್ನನ್ನು ಕರೆಸಿದರು. ಎರಡೂ ಕ್ಲೋಸಪ್ ಮತ್ತೆ ತೆಗೆದರು.

ಸೆಟ್ಟಿನಲ್ಲಿ ಇದಕ್ಕೆ ಕಂಟಿನ್ಯುಟಿ ಅನ್ನುತ್ತಾರೆ. ಒಂದೇ ದೃಶ್ಯವನ್ನು ಮೂರು ನಾಲ್ಕು ಕಡೆಯಿಂದ ಬೇರೆ ಬೇರೆ ಹೊತ್ತಿನಲ್ಲಿ ತೆಗೆಯುತ್ತೇವೆ. ಜೋಡಿಸಿದಾಗ ಒಂದೇ ಹೊತ್ತಿನಲ್ಲಿ ನಡೆದಂತೆ ಕಾಣಬೇಕು. ಅಜ್ಜಿಗೆ ಆ ಶಬ್ದ ಗೊತ್ತಿರಲಿಲ್ಲ. ನಿಂತು ನೋಡಿದ್ದರು, ಅಷ್ಟೇ. ನಿರ್ದೇಶಕರು ಆಗಲೇ, ಶಾಟ್ ಕಾಣಿಸುವ ಪರದೆ ಇದೆಯಲ್ಲ, ಆ ಮಾನಿಟರ್ ಪಕ್ಕದಲ್ಲಿ ಅವರಿಗೊಂದು ಕುರ್ಚಿ ಹಾಕಿಸಿದರು. ಮಾರನೇ ದಿನದಿಂದ ನಾನು ಆ ಕುರ್ಚಿಯ ಹಿಂದೆ ನಿಂತೆ. ಯಾವ ಮಾತಿಗೆ ಕ್ಯಾಮೆರಾ ಹತ್ತಿರ ಹೋಗುತ್ತದೆ, ಯಾರ ಮುಖ ಮೊದಲು ತೆಗೆಯುತ್ತಾರೆ, ಯಾಕೆ "ಒನ್ ಮೋರ್" ಅನ್ನುತ್ತಾರೆ, ಎಲ್ಲ ಅಲ್ಲಿಂದ ಕಾಣಿಸಿತು. ಮುಂದೆ ನಾನೇ ಎಪಿಸೋಡ್ ಮಾಡುವಾಗ ಕೈ ಹಿಡಿದದ್ದು ಆ ದಿನಗಳೇ.

ಶಂಕರ್‌ನಾಗ್ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೆ, ಹೊತ್ತು ಕಡಿಮೆ ಉಳಿದಿದೆ. ನಮ್ಮ ಧಾರವಾಡದ ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಸಿನಿಮಾದಲ್ಲಿ 1978ರಲ್ಲಿ ನಟನಾಗಿ ಬಂದರು. 1980ರಲ್ಲಿ 'ಮಿಂಚಿನ ಓಟ' ನಿರ್ದೇಶಿಸಿದರು. ನಟನೆ, ನಿರ್ದೇಶನದ ನಡುವೆ ಬರೀ 2 ವರ್ಷ! ಆಮೇಲೆ ಆಗುಂಬೆಯನ್ನೇ ಮಾಲ್ಗುಡಿ ಮಾಡಿ ದೇಶದ ಮನೆಮನೆಗೆ ತೋರಿಸಿದರು. 1990ರಲ್ಲಿ ದಾವಣಗೆರೆ ಹತ್ತಿರ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 35 ವರ್ಷ. ಅಷ್ಟರಲ್ಲಿ ಎಷ್ಟೆಲ್ಲ ನೋಡಿದ್ದರು, ಎಷ್ಟೆಲ್ಲ ಮಾಡಿದ್ದರು!

ದಯವಿಟ್ಟು ಕ್ಯಾರವಾನ್ ಸಿಕ್ಕಿತಾ, ಎಷ್ಟು ಫಾಲೋವರ್ಸ್ ಆದರು ಅನ್ನುವ ಮಾತು ಬಿಡಿ. ನಾಳೆ ನಿಮಗೆ ಒಂದೇ ಸಾಲಿನ ಪಾತ್ರ ಸಿಕ್ಕರೂ ಹೋಗಿ. ಸಾಲು ಹೇಳಿ ಮುಗಿಸಿ. ಮೇಕಪ್ ತೆಗೆಯುವ ಮೊದಲು ನಿರ್ದೇಶಕರನ್ನು ಕೇಳಿ, "ಸರ್, ಮುಂದಿನ ಶಾಟ್ ಇಲ್ಲೇ ನಿಂತು ನೋಡ್ಲಾ?"

ನಮಸ್ಕಾರ.